ಹಿರಿಯರ ಶಸ್ತ್ರಚಿಕಿತ್ಸೆಗೆ ಮುನ್ನ ತ್ರಾಣದ ತಪಾಸಣೆ ಆಗಲಿ

ನಮ್ಮ ಸಂಸ್ಥೆಯ ಸದಸ್ಯರ ಪಟ್ಟಿಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. 1970 ಮತ್ತು 80ರ ದಶಕಗಳಲ್ಲಿ ಅಂಗಡಿ, ಗಿರಣಿ, ವರ್ಕ್‌ಶಾಪ್‌ಗಳನ್ನು ಸ್ವಂತ ದುಡಿಮೆಯಿಂದ ಕಟ್ಟಿದ ಅನೇಕರು ಇಂದು 70 ವರ್ಷ ದಾಟಿದ್ದಾರೆ. ಮಕ್ಕಳು ವ್ಯವಹಾರಕ್ಕೆ ಬಂದಿದ್ದರೂ ಗಲ್ಲಾದ ಬೀಗದ ಕೈ, ಬ್ಯಾಂಕಿನ ಸಹಿ ಮತ್ತು ಹಳೆಯ ಗಿರಾಕಿಗಳ ನಂಬಿಕೆ ಇನ್ನೂ ಹಿರಿಯರ ಬಳಿಯೇ ಉಳಿದಿವೆ. 2011ರ ಜನಗಣತಿಯ ವೇಳೆಗೆ ದೇಶದಲ್ಲಿ 60 ವರ್ಷ ಮೀರಿದವರ ಸಂಖ್ಯೆ ಸುಮಾರು 10.4 ಕೋಟಿಯಷ್ಟಿತ್ತು. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡಾ 9.5ರಷ್ಟಿದ್ದು, ಅದು ರಾಷ್ಟ್ರೀಯ ಸರಾಸರಿಗಿಂತ ಹೆಚ್ಚಿನದಾಗಿತ್ತು.

ಈ ವಯೋಮಾನದವರಿಗೆ ಶಸ್ತ್ರಚಿಕಿತ್ಸೆಯ ಸಂದರ್ಭ ಒದಗುವುದು ಈಗ ಅಪರೂಪವೇನಲ್ಲ. ಮೊಣಕಾಲಿನ ಕೀಲು ಬದಲಾವಣೆ, ಹರ್ನಿಯಾ, ಪ್ರಾಸ್ಟೇಟ್, ಪಿತ್ತಕೋಶ, ಹೃದಯದ ಬೈಪಾಸ್ ಮುಂತಾದವು ಪ್ರತಿ ಬಡಾವಣೆಯಲ್ಲಿಯೂ ಕೇಳಿಬರುವ ಮಾತುಗಳಾಗಿವೆ. ಇಂತಹ ಸಂದರ್ಭದಲ್ಲಿ ಕುಟುಂಬದವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಆಪರೇಷನ್ ಮಾಡುವ ಡಾಕ್ಟರು ಯಾರು? ಪ್ಯಾಕೇಜ್ ಎಷ್ಟು? ಇನ್ಶೂರೆನ್ಸ್‌ನಿಂದ ಎಷ್ಟು ಬರುತ್ತದೆ? ಇವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇವೆಲ್ಲಕ್ಕಿಂತ ಮುಖ್ಯವಾದ ನಾಲ್ಕನೆಯ ಪ್ರಶ್ನೆಯನ್ನು ಬಹಳಷ್ಟು ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಈ ಶಸ್ತ್ರಚಿಕಿತ್ಸೆಯನ್ನು ತಾಳಿಕೊಂಡು ಮತ್ತೆ ಮೊದಲಿನಂತೆ ಎದ್ದು ಓಡಾಡುವಷ್ಟು ತ್ರಾಣ ಈ ದೇಹದಲ್ಲಿ ಇದೆಯೇ?

65 ವರ್ಷ ಮೀರಿದ ಯಾರಿಗೇ ಆಗಲಿ, ಮುಂಗಡವಾಗಿ ದಿನ ಗೊತ್ತುಪಡಿಸಿ ಮಾಡುವ ಶಸ್ತ್ರಚಿಕಿತ್ಸೆಗೆ ಮುನ್ನ ಈ ಪ್ರಶ್ನೆಯನ್ನು ಕೇಳಬೇಕು ಮತ್ತು ಅದಕ್ಕೆ ಅಳತೆಯ ಆಧಾರದ ಮೇಲೆ ಲಿಖಿತ ಉತ್ತರ ಪಡೆಯಬೇಕು ಎಂಬುದು ಈ ಲೇಖನದ ಪ್ರತಿಪಾದನೆ. ವೈದ್ಯಶಾಸ್ತ್ರ ನನ್ನ ವೃತ್ತಿಯಲ್ಲವಾದರೂ, ಮೀಸಲು ಇಲ್ಲದ ಸಂಸ್ಥೆಗೆ ಒಂದು ಸಣ್ಣ ಆಘಾತವೂ ಏನು ಮಾಡಬಲ್ಲದು ಎಂಬುದನ್ನು ಲೆಕ್ಕಪತ್ರಗಳಲ್ಲಿ ದಿನನಿತ್ಯ ಕಾಣುವವನಾಗಿ ಈ ವಿಷಯವನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ತ್ರಾಣವೆಂಬ ಮೀಸಲು ನಿಧಿ

ವೈದ್ಯರು 'ಫ್ರೇಲ್ಟಿ' ಎಂದು ಕರೆಯುವ ಸ್ಥಿತಿಗೆ ನಮ್ಮ ಆಡುಮಾತಿನಲ್ಲಿ 'ನಿತ್ರಾಣ' ಎಂಬ ಒಳ್ಳೆಯ ಪದವಿದೆ. ಇದು ಒಂದು ರೋಗದ ಹೆಸರಲ್ಲ. ಹೃದಯ, ಶ್ವಾಸಕೋಶ, ಮೂತ್ರಪಿಂಡ, ಮಾಂಸಖಂಡ, ಮೆದುಳು ಮೊದಲಾದ ಎಲ್ಲ ಅಂಗಗಳಲ್ಲಿಯೂ ಇರುವ ಹೆಚ್ಚುವರಿ ಸಾಮರ್ಥ್ಯವು ಸ್ವಲ್ಪ ಸ್ವಲ್ಪವಾಗಿ ಕರಗಿ, ದಿನನಿತ್ಯದ ಖರ್ಚಿಗೆ ಮಾತ್ರ ಸಾಕಾಗುವ ಹಂತಕ್ಕೆ ಬಂದಿರುವ ಸ್ಥಿತಿಯನ್ನು ಹೀಗೆ ಕರೆಯುತ್ತಾರೆ. ಇಂತಹ ವ್ಯಕ್ತಿ ಹೊರನೋಟಕ್ಕೆ ಚೆನ್ನಾಗಿಯೇ ಇರುತ್ತಾರೆ. ಬೆಳಿಗ್ಗೆ ಅಂಗಡಿಗೆ ಬರುತ್ತಾರೆ, ಪತ್ರಿಕೆ ಓದುತ್ತಾರೆ, ಗಿರಾಕಿಗಳೊಡನೆ ಮಾತನಾಡುತ್ತಾರೆ. ರಕ್ತದೊತ್ತಡ, ಸಕ್ಕರೆ, ಇಸಿಜಿ ಎಲ್ಲವೂ ಹತೋಟಿಯಲ್ಲಿರಬಹುದು. ಆದರೆ ಅರಿವಳಿಕೆ, ರಕ್ತಸ್ರಾವ, ನೋವು, ಉಪವಾಸ ಮತ್ತು ಹಾಸಿಗೆವಾಸಗಳು ಒಟ್ಟಿಗೆ ಎರಗಿದಾಗ ತೆಗೆದು ಖರ್ಚು ಮಾಡಲು ಮೀಸಲಿನಲ್ಲಿ ಏನೂ ಇರುವುದಿಲ್ಲ.

ವರ್ಷಾಂತ್ಯದ ನಫೆ ಕಂಡು ಸಂಸ್ಥೆಯು ಭದ್ರವಾಗಿದೆ ಎಂದು ತೀರ್ಮಾನಿಸುವವರು ವ್ಯಾಪಾರದಲ್ಲಿಯೂ ಇದ್ದಾರೆ. ದೊಡ್ಡ ಗಿರಾಕಿಯೊಬ್ಬ ಮೂರು ತಿಂಗಳು ಹಣ ತಡೆಹಿಡಿದಾಗ ಮಾತ್ರ ಮೀಸಲು ನಿಧಿ ಇದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ವಯಸ್ಸನ್ನು ಮಾತ್ರ ನೋಡಿ ತೀರ್ಮಾನಿಸುವುದೂ ಇಷ್ಟೇ ಅಪೂರ್ಣವಾದದ್ದು. 1995ರಲ್ಲಿ ಖರೀದಿಸಿದ ಎರಡು ಲೇತ್ ಯಂತ್ರಗಳಿಗೆ ಪುಸ್ತಕದಲ್ಲಿ ಒಂದೇ ಸವಕಳಿ ಬರೆದಿದ್ದರೂ, ಒಂದು ಇಂದಿಗೂ ನಿಖರವಾಗಿ ಓಡುತ್ತಿರಬಹುದು, ಇನ್ನೊಂದು ಗುಜರಿಗೆ ಯೋಗ್ಯವಾಗಿರಬಹುದು. ಅಂತೆಯೇ 82ರ ಹರೆಯದ ಒಬ್ಬರು ಶಸ್ತ್ರಚಿಕಿತ್ಸೆಯನ್ನು ಸಲೀಸಾಗಿ ದಾಟಿದರೆ 68ರ ಇನ್ನೊಬ್ಬರು ತತ್ತರಿಸುವುದು ಸಾಧ್ಯ.

ಅಳೆಯುವ ಬಗೆ

ತ್ರಾಣವನ್ನು ಅಳೆಯಲು ಸಾಧ್ಯವೇ ಎಂಬ ಸಂದೇಹ ಸಹಜ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಡಾ. ಲಿಂಡಾ ಫ್ರೀಡ್ ಮತ್ತು ಸಂಗಡಿಗರು 65 ವರ್ಷ ಮೀರಿದ 5,317 ಜನರ ಮಾಹಿತಿಯನ್ನು ಆಧರಿಸಿ 2001ರಲ್ಲಿ ಐದು ಲಕ್ಷಣಗಳನ್ನು ಗುರುತಿಸಿದರು. ಪ್ರಯತ್ನಿಸದೆಯೇ ಒಂದು ವರ್ಷದಲ್ಲಿ ಸುಮಾರು 4.5 ಕೆ.ಜಿ. ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು ಮತ್ತು ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರು ಅಥವಾ ಹೆಚ್ಚು ಲಕ್ಷಣಗಳಿದ್ದರೆ ನಿತ್ರಾಣ ಸ್ಥಿತಿ, ಒಂದೆರಡು ಇದ್ದರೆ ಅದರ ಹೊಸ್ತಿಲು ಎಂದು ಪರಿಗಣಿಸಲಾಯಿತು. ಇದೇ ಲಕ್ಷಣಗಳನ್ನು ಬಳಸಿ ಅದೇ ವಿಶ್ವವಿದ್ಯಾಲಯದ ಶಸ್ತ್ರವೈದ್ಯರು 594 ಹಿರಿಯ ರೋಗಿಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ನಿತ್ರಾಣರಲ್ಲಿ ತೊಡಕುಗಳು ಹೆಚ್ಚು, ಆಸ್ಪತ್ರೆವಾಸ ದೀರ್ಘ ಮತ್ತು ನೇರವಾಗಿ ಸ್ವಂತ ಮನೆಗೆ ಮರಳುವ ಸಾಧ್ಯತೆ ಕಡಿಮೆ ಎಂದು ತೋರಿಸಿತು.

ಇದಕ್ಕಿಂತಲೂ ಸರಳವಾದ ಅಳತೆಗಳಿವೆ. ನಾಲ್ಕು ಮೀಟರ್ ದೂರವನ್ನು ಸಹಜ ವೇಗದಲ್ಲಿ ನಡೆಯಲು ಐದು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಅದು ಎಚ್ಚರಿಕೆಯ ಸೂಚನೆ. ಕೆನಡಾದ ಡಾ. ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಶ್ರೇಣಿಪಟ್ಟಿಯು ವ್ಯಕ್ತಿಯ ದೈನಂದಿನ ಚಟುವಟಿಕೆಗಳನ್ನು ವಿಚಾರಿಸಿಯೇ ಆತನ ಸ್ಥಿತಿಯನ್ನು ನಿರ್ಧರಿಸುತ್ತದೆ. ಇವುಗಳಿಗೆ ಬೇಕಾದದ್ದು ಒಂದು ಕೈಗಡಿಯಾರ, ಒಂದು ಟೇಪು ಮತ್ತು ಹತ್ತು ನಿಮಿಷಗಳ ವ್ಯವಧಾನ. ದುಬಾರಿ ಸ್ಕ್ಯಾನಿಂಗ್‌ಗಳ ನಡುವೆ ಇಷ್ಟು ಅಗ್ಗದ ಪರೀಕ್ಷೆ ಬಿಟ್ಟುಹೋಗುವುದು ವಿಷಾದನೀಯ.

ಒಮಾಹಾ ಆಸ್ಪತ್ರೆಯ ಎರಡನೆಯ ಸಹಿ

ಅಳತೆ ಮಾಡಿದ ಮಾತ್ರಕ್ಕೆ ಪ್ರಯೋಜನವೇನು? ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ಮಾಜಿ ಸೈನಿಕರಿಗಾಗಿ ಇರುವ ಸರ್ಕಾರಿ ಆಸ್ಪತ್ರೆಯ ಅನುಭವ ಇಲ್ಲಿ ಉಲ್ಲೇಖಾರ್ಹ. 2011ರ ಜುಲೈನಿಂದ ಅಲ್ಲಿ ಮುಂಗಡವಾಗಿ ದಿನ ನಿಗದಿಯಾದ ಶಸ್ತ್ರಚಿಕಿತ್ಸೆಯ ರೋಗಿಗಳಿಗೆಲ್ಲ ಒಂದು ಪ್ರಶ್ನಾವಳಿಯ ಮೂಲಕ ತ್ರಾಣದ ತಪಾಸಣೆ ಆರಂಭಿಸಲಾಯಿತು. ನಿಗದಿತ ಮಿತಿ ಮೀರಿ ಅಂಕ ಬಂದರೆ ಆ ಕಡತವು ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರ ಮೇಜಿಗೆ ಹೋಗುತ್ತಿತ್ತು. ಅವರು ಪರಿಶೀಲಿಸಿ, ಅಗತ್ಯ ಕಂಡಲ್ಲಿ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ತೀವ್ರ ನಿಗಾ ಘಟಕದವರು ಮತ್ತು ಉಪಶಾಮಕ ಚಿಕಿತ್ಸೆಯ ವೈದ್ಯರಿಗೆ ಮುನ್ನೆಚ್ಚರಿಕೆ ನೀಡುತ್ತಿದ್ದರು. ಇದರಿಂದ ಚಿಕಿತ್ಸೆಯ ಯೋಜನೆಯನ್ನು ಮೊದಲೇ ಬದಲಿಸಿಕೊಳ್ಳಲು ಅವಕಾಶವಾಯಿತು.

2017ರಲ್ಲಿ ಪ್ರಕಟವಾದ ಇದರ ಫಲಿತಾಂಶವು 9,153 ರೋಗಿಗಳನ್ನು ಒಳಗೊಂಡಿತ್ತು. ಶಸ್ತ್ರಚಿಕಿತ್ಸೆಯ ನಂತರದ 30 ದಿನಗಳೊಳಗಿನ ಮರಣ ಪ್ರಮಾಣವು ಒಟ್ಟಾರೆ ಶೇ. 1.6ರಿಂದ ಶೇ. 0.7ಕ್ಕೆ ಇಳಿದಿತ್ತು. ನಿತ್ರಾಣರೆಂದು ಗುರುತಿಸಲಾದವರಲ್ಲಿ ಅದು ಶೇ. 12.2ರಿಂದ ಶೇ. 3.8ಕ್ಕೆ ಇಳಿದಿತ್ತು. ಲೆಕ್ಕ ಪರಿಶೋಧಕನಾಗಿ ಇಲ್ಲಿ ಒಂದು ಷರಾ ಬರೆಯಲೇಬೇಕು. ಇದು ಯೋಜನೆಗೆ ಮೊದಲಿನ ಮತ್ತು ನಂತರದ ವರ್ಷಗಳ ಹೋಲಿಕೆ. ರೋಗಿಗಳಲ್ಲಿ ಬಹುಪಾಲು ಪುರುಷರು. ಅದೇ ಅವಧಿಯಲ್ಲಿ ಆದ ಇತರ ಸುಧಾರಣೆಗಳ ಪಾಲೂ, ಯಾರಿಗೆ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ಆಯ್ಕೆಯಲ್ಲಾದ ಬದಲಾವಣೆಯ ಪಾಲೂ ಈ ಇಳಿಕೆಯಲ್ಲಿ ಇರಬಹುದು. ಹಾಗಿದ್ದರೂ ಇಷ್ಟು ಕಡಿಮೆ ಖರ್ಚಿನ ಕ್ರಮವೊಂದು ಇಷ್ಟು ದೊಡ್ಡ ವ್ಯತ್ಯಾಸದ ಜೊತೆಗೆ ಕಾಣಿಸಿಕೊಂಡಿರುವುದನ್ನು ಕಡೆಗಣಿಸುವಂತಿಲ್ಲ.

ನಮ್ಮ ಸದಸ್ಯರಿಗೆ ಈ ವ್ಯವಸ್ಥೆ ಅಪರಿಚಿತವಾದುದೇನಲ್ಲ. ನಿಗದಿತ ಮೊತ್ತ ಮೀರಿದ ಚೆಕ್ಕಿಗೆ ಎರಡು ಸಹಿ ಬೇಕೆಂಬ ನಿಯಮ ಬಹುತೇಕ ಪಾಲುದಾರಿಕೆ ಸಂಸ್ಥೆಗಳಲ್ಲಿದೆ. ಮೊದಲ ಸಹಿ ಮಾಡಿದವರ ಮೇಲೆ ಅಪನಂಬಿಕೆ ಇದೆಯೆಂದು ಯಾರೂ ಭಾವಿಸುವುದಿಲ್ಲ. ದೊಡ್ಡ ಮೊತ್ತವನ್ನು ನಾಲ್ಕು ಕಣ್ಣುಗಳು ನೋಡಲಿ ಎಂಬುದಷ್ಟೇ ಅದರ ಉದ್ದೇಶ. 10,000 ರೂಪಾಯಿಯ ಚೆಕ್ಕಿಗೆ ನಾವು ಪಾಲಿಸುವ ಶಿಸ್ತನ್ನು ಮನೆಯ ಹಿರಿಯರ ಜೀವದ ವಿಷಯದಲ್ಲಿ ಏಕೆ ಪಾಲಿಸಬಾರದು?

ಗಾಯ ಮಾಗಿದರೂ ಮನುಷ್ಯ ಮರಳದಿದ್ದರೆ

ಮರಣ ಪ್ರಮಾಣವೊಂದೇ ಇಲ್ಲಿನ ವಿಷಯವಲ್ಲ. ಆಸ್ಪತ್ರೆಯ ಲೆಕ್ಕದಲ್ಲಿ ಯಶಸ್ವಿಯಾದ ಶಸ್ತ್ರಚಿಕಿತ್ಸೆಯ ನಂತರವೂ ಹಿರಿಯರು ಮೊದಲಿನಂತಾಗದೆ ಉಳಿಯುವುದು ಹೆಚ್ಚು ಸಾಮಾನ್ಯ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ವೃದ್ಧ ಸ್ವಯಂಸೇವಕರನ್ನು ಕೇವಲ 10 ದಿನ ಹಾಸಿಗೆಯಲ್ಲಿ ಮಲಗಿಸಿದಾಗ ಅವರ ಕಾಲುಗಳ ಮಾಂಸಖಂಡ ಸುಮಾರು ಒಂದು ಕೆ.ಜಿ.ಯಷ್ಟು ಕರಗಿತ್ತು. ಮೊದಲೇ ನಿತ್ರಾಣರಾಗಿರುವವರ ಪಾಡನ್ನು ಇದರಿಂದ ಊಹಿಸಬಹುದು. ಇನ್ನು ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಸನ್ನಿ ಕಾಣಿಸಿಕೊಳ್ಳುತ್ತದೆ. ದಿನ, ವಾರ, ಸ್ಥಳ ತಿಳಿಯದೆ ಗಲಿಬಿಲಿಗೊಳ್ಳುತ್ತಾರೆ, ಮನೆಯವರನ್ನು ಗುರುತಿಸುವುದಿಲ್ಲ. ಹಲವರಲ್ಲಿ ಇದು ಕೆಲವು ದಿನಗಳಲ್ಲಿ ಇಳಿಯುತ್ತದೆಯಾದರೂ ಕೆಲವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಸೊಂಟದ ಮೂಳೆ ಮುರಿದ 126 ಹಿರಿಯರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೃದ್ಧರೋಗ ತಜ್ಞರು ಮೊದಲಿನಿಂದಲೇ ಜೊತೆಗಿದ್ದ ಗುಂಪಿನಲ್ಲಿ ಶೇ. 32ರಷ್ಟು ಜನರಿಗೆ ಸನ್ನಿ ಕಂಡುಬಂದರೆ, ಎಂದಿನ ಆರೈಕೆಯ ಗುಂಪಿನಲ್ಲಿ ಅದು ಶೇ. 50ರಷ್ಟಿತ್ತು. ಅಂದರೆ ಇದು ಸ್ವಲ್ಪ ಮಟ್ಟಿಗಾದರೂ ತಡೆಯಬಹುದಾದ ನಷ್ಟ.

ನನ್ನ ಕಕ್ಷಿದಾರರಲ್ಲಿ ಒಬ್ಬರಾದ 74 ವರ್ಷದ ಹಾರ್ಡ್‌ವೇರ್ ವ್ಯಾಪಾರಸ್ಥರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ನಡೆಯಿತು. ಗಾಯ ಚೆನ್ನಾಗಿಯೇ ಮಾಗಿತು. ಆದರೆ ಮೂರನೆಯ ದಿನ ಆರಂಭವಾದ ಸನ್ನಿ ಮತ್ತು ಅದರ ಹಿಂದೆಯೇ ಬಂದ ನಿಶ್ಶಕ್ತಿಯಿಂದಾಗಿ ಅವರು ಐದು ತಿಂಗಳು ಅಂಗಡಿಯ ಮೆಟ್ಟಿಲು ಹತ್ತಲಾಗಲಿಲ್ಲ. ಸಂಸ್ಥೆ ಅವರ ಏಕಮಾಲೀಕತ್ವದ್ದು. ಜಿಎಸ್‌ಟಿ ಪೋರ್ಟಲ್‌ನ ಓಟಿಪಿ ಅವರ ಮೊಬೈಲಿಗೆ ಬರುತ್ತಿತ್ತು. ಆ ಮೊಬೈಲಿನ ಲಾಕ್ ಅವರಿಗೊಬ್ಬರಿಗೇ ಗೊತ್ತು. ಬ್ಯಾಂಕಿನಲ್ಲಿ ಸಹಿ ಅವರೊಬ್ಬರದೇ. ಎರಡು ತಿಂಗಳ ರಿಟರ್ನ್ ಬಾಕಿ ಉಳಿದು ಇ-ವೇ ಬಿಲ್ ಸ್ಥಗಿತಗೊಂಡಿತು. ವಿಳಂಬ ಶುಲ್ಕದ ಜೊತೆಗೆ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ಬಿದ್ದಿತು. ಮಗ ಹಗಲು ಆಸ್ಪತ್ರೆಗೂ ಅಂಗಡಿಗೂ ಓಡಾಡಿ ರಾತ್ರಿ ಸಾಲಗಾರರಿಗೆ ಸಮಜಾಯಿಷಿ ಹೇಳುತ್ತಿದ್ದರು. ಶಸ್ತ್ರಚಿಕಿತ್ಸೆಗೆ ಮುಂಚಿನ ಆರು ತಿಂಗಳಿನಿಂದಲೇ ತಂದೆಯ ಷರಟು ಸಡಿಲವಾಗುತ್ತಾ ಬಂದಿತ್ತು, ಮನೆಯಿಂದ ಅಂಗಡಿಗೆ ನಡೆದು ಬರುವಾಗ ಎರಡು ಕಡೆ ನಿಲ್ಲುತ್ತಿದ್ದರು ಎಂದು ಅವರು ಆಮೇಲೆ ತಿಳಿಸಿದರು. ಸೂಚನೆಗಳೆಲ್ಲ ಕಣ್ಣೆದುರಿಗೇ ಇದ್ದವು. ಅವುಗಳನ್ನು ಕೇಳಿ ಬರೆದುಕೊಳ್ಳುವ ಪದ್ಧತಿ ಮಾತ್ರ ಎಲ್ಲಿಯೂ ಇರಲಿಲ್ಲ.

ಪ್ಯಾಕೇಜ್ ಮತ್ತು ವಿಮೆಯ ಮಿತಿ

ಈ ಪದ್ಧತಿ ನಮ್ಮಲ್ಲಿ ಬೆಳೆಯದಿರಲು ಹಣಕಾಸಿನ ಕಾರಣವೂ ಇದೆ. ಆಸ್ಪತ್ರೆಯ ಪ್ಯಾಕೇಜ್ ದರವು ಶಸ್ತ್ರಚಿಕಿತ್ಸೆಯ ಹೆಸರಿಗೆ ನಿಗದಿಯಾಗುತ್ತದೆಯೇ ಹೊರತು ರೋಗಿಯ ತ್ರಾಣಕ್ಕಲ್ಲ. ಗಟ್ಟಿಮುಟ್ಟಾದ 60ರವರಿಗೂ ನಿತ್ರಾಣರಾದ 80ರವರಿಗೂ ಆರಂಭದಲ್ಲಿ ಹೇಳುವ ಅಂದಾಜು ಬಹುತೇಕ ಒಂದೇ. ನಿಜವಾದ ವೆಚ್ಚ ಬೆಳೆಯುವುದು ನಂತರ, ತೀವ್ರ ನಿಗಾ ಘಟಕದ ದಿನಗಳಲ್ಲಿ.

ವಿಮೆಯ ಕ್ಷೇತ್ರದಲ್ಲಿ ಹಿರಿಯರಿಗೆ ಅನುಕೂಲವಾದ ಬದಲಾವಣೆಗಳು ಆಗಿವೆ ಎಂಬುದನ್ನು ಒಪ್ಪಲೇಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳಂತೆ 2024ರ ಏಪ್ರಿಲ್ 1ರಿಂದ ಆರೋಗ್ಯ ವಿಮೆ ಕೊಳ್ಳಲು ಇದ್ದ 65 ವರ್ಷದ ಮಿತಿ ಹೋಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಶೇ. 18ರ ಜಿಎಸ್‌ಟಿ ರದ್ದಾಗಿದೆ. ಆದರೆ ಮನೆಗೆ ಬಂದ ಮೇಲೆ ಹಗಲು ರಾತ್ರಿ ನೋಡಿಕೊಳ್ಳುವ ಸಹಾಯಕರ ಸಂಬಳ, ಶಸ್ತ್ರಚಿಕಿತ್ಸೆಗೆ ಮುಂಚಿನ ವಾರಗಳ ಪೌಷ್ಟಿಕ ಆಹಾರ ಮತ್ತು ವ್ಯಾಯಾಮದ ಖರ್ಚುಗಳನ್ನು ಪಾಲಿಸಿಗಳು ಸಾಮಾನ್ಯವಾಗಿ ಭರಿಸುವುದಿಲ್ಲ. ಸಹಾಯಕರಿಗೆ ದಿನಕ್ಕೆ 1,000 ರೂಪಾಯಿ ಎಂದು ಇಟ್ಟುಕೊಂಡರೂ ಆರು ತಿಂಗಳಿಗೆ 1,80,000 ರೂಪಾಯಿ ಆಗುತ್ತದೆ. ಇದನ್ನು ಯಾವ ಅಂದಾಜು ಪಟ್ಟಿಯಲ್ಲಿಯೂ ಯಾರೂ ತೋರಿಸುವುದಿಲ್ಲ.

ತಪ್ಪು ತಿಳಿವಳಿಕೆ ಬೇಡ

ನಿತ್ರಾಣರಿಗೆ ಶಸ್ತ್ರಚಿಕಿತ್ಸೆಯೇ ಬೇಡವೆಂದು ಇದರ ಅರ್ಥವಲ್ಲ. ಮುರಿದ ಸೊಂಟದ ಮೂಳೆಗೆ ತಡಮಾಡದೆ ಶಸ್ತ್ರಚಿಕಿತ್ಸೆ ಆಗಬೇಕು. ತಪಾಸಣೆಯ ನೆಪದಲ್ಲಿ ದಿನ ಕಳೆಯುವುದು ಅಪಾಯಕರ. ಮೊಣಕಾಲಿನ ನೋವಿನಿಂದಲೇ ಓಡಾಟ ನಿಂತು ತ್ರಾಣ ಕುಗ್ಗುತ್ತಿದ್ದರೆ ಶಸ್ತ್ರಚಿಕಿತ್ಸೆಯೇ ಅದಕ್ಕೆ ಪರಿಹಾರವಾಗಲೂಬಹುದು. ತಪಾಸಣೆಯಿಂದ ದೊರೆಯುವುದು ಆಯ್ಕೆಯ ಅವಕಾಶ. ನಾಲ್ಕರಿಂದ ಆರು ವಾರ ಸಮಯವಿದ್ದರೆ ರಕ್ತಹೀನತೆಯನ್ನು ಸರಿಪಡಿಸಬಹುದು, ಆಹಾರದಲ್ಲಿ ಬೇಳೆಕಾಳು, ಹಾಲು, ಮೊಟ್ಟೆಗಳ ಪ್ರಮಾಣ ಹೆಚ್ಚಿಸಬಹುದು, ನಡಿಗೆ ಮತ್ತು ಉಸಿರಾಟದ ಅಭ್ಯಾಸ ಮಾಡಿಸಬಹುದು, ಅನಗತ್ಯ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಬಿಡಿಸಬಹುದು. ಸಣ್ಣ ಶಸ್ತ್ರಚಿಕಿತ್ಸೆ ಅಥವಾ ಬೇರೆ ವಿಧದ ಅರಿವಳಿಕೆ ಸಾಧ್ಯವೇ ಎಂದು ವಿಚಾರಿಸಬಹುದು. ಈ ಸಿದ್ಧತೆಯ ಫಲ ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ. ಆದರೂ ಸಿದ್ಧತೆಯಿಲ್ಲದೆ ಹೋಗುವುದಕ್ಕಿಂತ ಅದು ಲೇಸು. ಲಂಡನ್ನಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳಲ್ಲಿ 2003ರಿಂದಲೂ ಹಿರಿಯ ರೋಗಿಗಳನ್ನು ಹೀಗೆ ಸಿದ್ಧಗೊಳಿಸಲು ಪ್ರತ್ಯೇಕ ತಂಡವೇ ಇದೆ.

ಕೆಲವರು ಎಲ್ಲವನ್ನೂ ಕೇಳಿದ ಮೇಲೆ ಶಸ್ತ್ರಚಿಕಿತ್ಸೆ ಬೇಡವೆಂದೇ ನಿರ್ಧರಿಸಬಹುದು. ಆ ನಿರ್ಧಾರ ಹಿರಿಯರದೇ ಆಗಿರಬೇಕು. ನಮ್ಮ ಮನೆಗಳಲ್ಲಿ ಡಾಕ್ಟರ ಕೊಠಡಿಯೊಳಗೆ ಮಕ್ಕಳು ಹೋಗಿ ಮಾತನಾಡಿ, ಹಿರಿಯರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸುವ ಪರಿಪಾಠವಿದೆ. ಜೀವಮಾನವೆಲ್ಲ ಲಾಭನಷ್ಟಗಳನ್ನು ತೂಗಿ ನಿರ್ಧಾರ ಕೈಗೊಂಡವರಿಗೆ ತಮ್ಮ ದೇಹದ ವಿಷಯದಲ್ಲಿ ತೂಗಿ ನೋಡುವ ಶಕ್ತಿ ಇಲ್ಲವೆಂದು ಭಾವಿಸುವುದು ಅವರಿಗೆ ಮಾಡುವ ಅಗೌರವ.

ಸದಸ್ಯರಿಗೆ ಸಲಹೆಗಳು

1. 65 ವರ್ಷ ಮೀರಿದವರಿಗೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಪಡಿಸುವ ಮುನ್ನ ನಡಿಗೆಯ ವೇಗ, ಕೈಹಿಡಿತ, ತೂಕ, ನೆನಪಿನ ಶಕ್ತಿ ಮತ್ತು ದೈನಂದಿನ ಚಟುವಟಿಕೆಗಳ ತಪಾಸಣೆ ಮಾಡಿಸಿ, ಫಲಿತಾಂಶವನ್ನು ಕಡತದಲ್ಲಿ ಬರೆಸಬೇಕು.

2. ವೈದ್ಯರನ್ನು ನೇರವಾಗಿ ಕೇಳಬೇಕಾದ ಪ್ರಶ್ನೆ ಇದು: "ಆರು ತಿಂಗಳ ನಂತರ ಇವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸಂಭವ ಎಷ್ಟು? ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ?"

3. ತ್ರಾಣ ಕುಂದಿದೆ ಎಂದು ಕಂಡುಬಂದರೆ ಅರಿವಳಿಕೆ ತಜ್ಞರು ಮತ್ತು ವೃದ್ಧರೋಗ ತಜ್ಞರು, ಅವರು ಲಭ್ಯವಿಲ್ಲದಿದ್ದರೆ ಅನುಭವಿ ಫಿಜಿಷಿಯನ್ ಒಬ್ಬರು, ಮೊದಲೇ ನೋಡಿ ಅಭಿಪ್ರಾಯ ನೀಡಬೇಕು. ಇದೇ ಎರಡನೆಯ ಸಹಿ.

4. ವ್ಯವಹಾರದ ಸಿದ್ಧತೆಯೂ ಅಂದೇ ಆಗಬೇಕು. ಜಿಎಸ್‌ಟಿಯಲ್ಲಿ ಮತ್ತೊಬ್ಬ ಅಧಿಕೃತ ಸಹಿದಾರರನ್ನು ಸೇರಿಸುವುದು, ಬ್ಯಾಂಕಿಗೆ ಅಧಿಕಾರ ಪತ್ರ ಕೊಡುವುದು, ನಾಮನಿರ್ದೇಶನ ಮತ್ತು ಉಯಿಲುಗಳನ್ನು ಪರಿಶೀಲಿಸುವುದು ಅವಶ್ಯ. ಪವರ್ ಆಫ್ ಅಟಾರ್ನಿ ಬರೆದುಕೊಟ್ಟರೆ ಸಾಕೆಂದು ಅನೇಕರು ತಿಳಿದಿದ್ದಾರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರ ಚಿತ್ತಸ್ವಾಸ್ಥ್ಯ ಕೆಟ್ಟರೆ ಆ ಪ್ರಾತಿನಿಧ್ಯವೇ ಕೊನೆಗೊಳ್ಳುತ್ತದೆ. ಅದು ಹೆಚ್ಚು ಬೇಕಾಗುವ ಹೊತ್ತಿನಲ್ಲಿಯೇ ಕೈಕೊಡಬಹುದು. ಆದುದರಿಂದ ದೀರ್ಘಕಾಲದ ದೃಷ್ಟಿಯಿಂದ ಏಕಮಾಲೀಕತ್ವದ ಸಂಸ್ಥೆಯನ್ನು ಮಕ್ಕಳೊಡನೆ ಪಾಲುದಾರಿಕೆಗೆ ಅಥವಾ ಕಂಪನಿಗೆ ಪರಿವರ್ತಿಸುವ ಬಗ್ಗೆ ಯೋಚಿಸುವುದು ಒಳಿತು.

5. ಚೇತರಿಕೆಯ ಆಸೆಯಿಲ್ಲದ ಸ್ಥಿತಿ ಬಂದರೆ ಎಂತಹ ಚಿಕಿತ್ಸೆ ಬೇಕು, ಎಂತಹದು ಬೇಡ ಎಂಬ ಇಚ್ಛೆಯನ್ನು ಮುಂಚಿತವಾಗಿ ಬರೆದಿಡಲು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅವಕಾಶ ನೀಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಇದರ ಅನುಷ್ಠಾನಕ್ಕೆ ಆದೇಶ ಹೊರಡಿಸಿದೆ.

ನಮ್ಮ ಸಂಸ್ಥೆಗೂ ಒಂದು ವಿನಂತಿ. ಸದಸ್ಯರಿಗಾಗಿ ಏರ್ಪಡಿಸುವ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಜೊತೆಗೆ ನಾಲ್ಕು ಮೀಟರ್ ನಡಿಗೆ ಮತ್ತು ಕೈಹಿಡಿತದ ಪರೀಕ್ಷೆಗಳನ್ನೂ ಸೇರಿಸಬೇಕು. ಆಸ್ಪತ್ರೆಗಳೊಡನೆ ರಿಯಾಯಿತಿ ದರದ ಒಪ್ಪಂದ ಮಾಡಿಕೊಳ್ಳುವಾಗ, ಹಿರಿಯರಿಗೆ ಶಸ್ತ್ರಚಿಕಿತ್ಸಾಪೂರ್ವ ತ್ರಾಣ ತಪಾಸಣೆ ನಡೆಸುವುದನ್ನು ಒಂದು ಷರತ್ತಾಗಿ ಸೇರಿಸಬೇಕು. ಶೇಕಡಾ ಹತ್ತು ರಿಯಾಯಿತಿಗಾಗಿ ಚೌಕಾಸಿ ಮಾಡುವ ನಾವು ಇದಕ್ಕಾಗಿಯೂ ಒತ್ತಾಯಿಸಿದರೆ ಆಸ್ಪತ್ರೆಗಳು ಒಪ್ಪದಿರಲು ಕಾರಣವಿಲ್ಲ, ಏಕೆಂದರೆ ಇದರಲ್ಲಿ ಅವರಿಗೆ ಬೀಳುವ ಖರ್ಚು ಅತ್ಯಲ್ಪ.

ಗೋದಾಮಿನ ದಾಸ್ತಾನನ್ನು ನಾವು ವರ್ಷಕ್ಕೊಮ್ಮೆ ತಪ್ಪದೆ ಎಣಿಸುತ್ತೇವೆ. ಆ ಗೋದಾಮನ್ನು ಕಟ್ಟಿದವರ ನಡಿಗೆ ಕಳೆದ ವರ್ಷಕ್ಕಿಂತ ನಿಧಾನವಾಗಿದೆಯೇ ಎಂಬುದನ್ನೂ ಸದಸ್ಯ ಬಾಂಧವರು ಈ ತಿಂಗಳಿನಲ್ಲಿಯೇ ಒಮ್ಮೆ ಗಮನಿಸಿ ನೋಡಬೇಕೆಂದು ಕೋರುತ್ತೇನೆ.